ಗಾರ್ಮೆಂಟ್ಸ್ ಕಾರ್ಮಿಕರ ಬಳಗ ನಡೆಸುವುದು ಹೇಗೆ: ಕಾರ್ಡೈನ್ ಗುರುಗಳ ‘ನೋಡು, ತೂಗು, ಮಾಡು’ ವಿಧಾನ

ತಮ್ಮ ಧರ್ಮಕೇಂದ್ರದ (ಚರ್ಚಿನ) ಸುತ್ತ ಗಾರ್ಮೆಂಟ್ಸ್ ಫ್ಯಾಕ್ಟರಿಗಳಿದ್ದು, ಅಲ್ಲಿ ದುಡಿಯುವವರಿಗಾಗಿ ಏನಾದರೂ ಮಾಡಬೇಕೆಂದುಕೊಂಡ ಗುರುಗಳೂ (ಪಾದ್ರಿಗಳೂ) ಸಿಸ್ಟರ್‌ಗಳೂ ಸಾಮಾನ್ಯವಾಗಿ ಮೂರರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಮೇ 1ರಂದು ಕಾರ್ಮಿಕ ಸಂತ ಜೋಸೆಫರ ಹಬ್ಬದ ಪೂಜೆ ಇಟ್ಟು ಸಿಹಿ ಹಂಚುತ್ತಾರೆ. ವಕೀಲರನ್ನು ಕರೆಸಿ ಭಾಷಣ ಮಾಡಿಸುತ್ತಾರೆ. ಇಲ್ಲವೇ ತಾವೇ ಮ್ಯಾನೇಜರ್ ಬಳಿ ಹೋಗಿ ಯಾರದೋ ಕೆಲಸ ಉಳಿಸಿಕೊಟ್ಟು ಬರುತ್ತಾರೆ. ಒಂದೂ ಕೆಟ್ಟದ್ದಲ್ಲ. ಆದರೆ ಮೂರರಲ್ಲೂ ಕಾರ್ಮಿಕರ ಪಾಲಿಗೆ ಉಳಿಯುವುದು ಕೂತು ಕೇಳುವ ಕೆಲಸ, ಇಲ್ಲವೇ ಕೈಯೊಡ್ಡುವ ಕೆಲಸ.

ಇಲ್ಲಿ ವಿವರಿಸುವ ವಿಧಾನದಲ್ಲಿ ನೋಡುವವರು, ತೂಗುವವರು, ಮಾಡುವವರು ಎಲ್ಲರೂ ಕಾರ್ಮಿಕರೇ. ಗುರುಗಳ ಕೆಲಸ ಸಭೆಗೆ ಮುಂಚೆ ಮತ್ತು ಸಭೆಯ ನಂತರ. ಸಭೆಯ ಹೊತ್ತಿನಲ್ಲಿ ಅವರು ಹೆಚ್ಚುಪಾಲು ಸುಮ್ಮನೆ ಕೂರಬೇಕು. ಇದನ್ನು ಪಾಲಿಸಲಾಗದ ಕಡೆ ಉಳಿದ ಯಾವ ಸೂಚನೆಯೂ ಫಲ ಕೊಡುವುದಿಲ್ಲ, ಆದ್ದರಿಂದ ಮೊದಲೇ ಹೇಳಿಬಿಡುತ್ತಿದ್ದೇವೆ.

ವಿಧಾನ ಬಂದದ್ದು ಎಲ್ಲಿಂದ

ಜೋಸೆಫ್ ಕಾರ್ಡೈನ್ 1882ರಲ್ಲಿ ಬೆಲ್ಜಿಯಂನಲ್ಲಿ, ದುಡಿದು ತಿನ್ನುವ ಮನೆಯಲ್ಲಿ ಹುಟ್ಟಿದವರು. ಗುರುಮಠದಿಂದ ರಜೆಗೆ ಊರಿಗೆ ಬಂದಾಗ, ಫ್ಯಾಕ್ಟರಿ ಸೇರಿದ್ದ ಬಾಲ್ಯದ ಗೆಳೆಯರು ಅವರನ್ನು ಹೊರಗಿನವರಂತೆ ಕಂಡರು. ಮಗನ ಓದಿಗಾಗಿ ದುಡಿದು ದಣಿದ ತಂದೆ 1903ರಲ್ಲಿ ತೀರಿಕೊಂಡರು. 1906ರಲ್ಲಿ ಗುರುದೀಕ್ಷೆ ಪಡೆದ ಕಾರ್ಡೈನ್, 1912ರಲ್ಲಿ ಬ್ರಸೆಲ್ಸ್‌ನ ಲಾಕೆನ್ ಧರ್ಮಕೇಂದ್ರಕ್ಕೆ ಸಹಾಯಕ ಗುರುಗಳಾಗಿ ಬಂದರು. ಅಲ್ಲಿ ಅವರು ಸೇರಿಸಿದ ಮೊದಲ ಗುಂಪುಗಳಲ್ಲಿ ಹೊಲಿಗೆ ಕೆಲಸದ ಹುಡುಗಿಯರಿದ್ದರು. ಬೆಂಗಳೂರಿನ ಟೈಲರ್‌ಗಳ ನಡುವೆ ಈ ವಿಧಾನ ಹಿಡಿಯಲು ಹೊರಟವರಿಗೆ ಈ ಸಂಗತಿ ಧೈರ್ಯ ಕೊಡಬೇಕು.

ಅವರು ಆ ಹುಡುಗಿಯರಿಗೆ ಪ್ರವಚನ ಮಾಡಲಿಲ್ಲ, ಪ್ರಶ್ನೆ ಕೇಳಿದರು. ಎಷ್ಟು ಗಂಟೆ ಕೆಲಸ, ಎಷ್ಟು ಕೂಲಿ, ಪಕ್ಕದಲ್ಲಿ ಕೂರುವವರು ಯಾರು, ಅವರ ಮನೆಯಲ್ಲಿ ಹೇಗೆ. ಉತ್ತರ ಗೊತ್ತಿಲ್ಲದಿದ್ದರೆ ಹೋಗಿ ತಿಳಿದುಕೊಂಡು ಬರಲು ಹೇಳಿದರು. ಮೊದಲ ಮಹಾಯುದ್ಧದ ಸೆರೆವಾಸ ಮುಗಿಸಿ ಬಂದ ಮೇಲೆ ಫರ್ನಾಂಡ್ ಟೋನೆ, ಪೌಲ್ ಗಾರ್ಸೆ, ಜಾಕ್ ಮೇರ್ಟ್ ಎಂಬ ಮೂವರು ಯುವಕರೊಂದಿಗೆ ಯುವ ಕಾರ್ಮಿಕರ ಸಂಘಟನೆ ಕಟ್ಟಿದರು. 1925ರಲ್ಲಿ ಪೋಪ್ ಹನ್ನೊಂದನೆಯ ಪಯಸ್ ಅದಕ್ಕೆ ಒಪ್ಪಿಗೆ ಕೊಟ್ಟರು. ನಮ್ಮಲ್ಲಿ ವೈಸಿಡಬ್ಲ್ಯು (ಯಂಗ್ ಕ್ರಿಶ್ಚಿಯನ್ ವರ್ಕರ್ಸ್) ಎಂದು ಕರೆಯುವುದು ಅದನ್ನೇ. 1961ರಲ್ಲಿ ಪೋಪ್ ಇಪ್ಪತ್ತಮೂರನೆಯ ಜಾನ್ ತಮ್ಮ ‘ಮಾತೆರ್ ಎತ್ ಮಜಿಸ್ತ್ರಾ’ ವಿಶ್ವಪತ್ರದಲ್ಲಿ ನೋಡುವ, ತೂಗುವ, ಮಾಡುವ ಈ ಮೂರು ಹೆಜ್ಜೆಗಳನ್ನು ಇಡೀ ಧರ್ಮಸಭೆಗೆ ಶಿಫಾರಸು ಮಾಡಿದರು. ಕಾರ್ಡೈನ್ 1965ರಲ್ಲಿ ಕಾರ್ಡಿನಲ್ ಆದರು, 1967ರಲ್ಲಿ ತೀರಿಕೊಂಡರು. ಟೋನೆ ಮತ್ತು ಗಾರ್ಸೆ ಅಷ್ಟು ದಿನ ಬದುಕಲಿಲ್ಲ. ಇಬ್ಬರೂ 1945ರಲ್ಲಿ ನಾಜಿಗಳ ದಾಖಾವ್ ಶಿಬಿರದಲ್ಲಿ ಸತ್ತರು.

ಯಾರನ್ನು ಸೇರಿಸಬೇಕು, ಎಲ್ಲಿ, ಯಾವಾಗ

ಒಂದು ಬಳಗಕ್ಕೆ ಆರರಿಂದ ಹತ್ತು ಜನ ಸಾಕು. ಆರಕ್ಕಿಂತ ಕಡಿಮೆಯಾದರೆ ಇಬ್ಬರು ರಜೆ ಹಾಕಿದ ದಿನ ಸಭೆ ನಡೆಯುವುದಿಲ್ಲ. ಹತ್ತು ದಾಟಿದರೆ ನಾಲ್ವರು ಮಾತಾಡಿ ಉಳಿದವರು ಕೇಳುವವರಾಗುತ್ತಾರೆ. ಹನ್ನೆರಡು ಜನ ಆಸಕ್ತಿಯಿಂದ ಬಂದರೆ ಎರಡು ಬಳಗ ಮಾಡಿ, ಒಂದೇ ಕೋಣೆಯಲ್ಲಿ ತುಂಬಬೇಡಿ.

ಎಲ್ಲರೂ ಒಂದೇ ಫ್ಯಾಕ್ಟರಿಯವರಾಗಿದ್ದರೆ ಒಳ್ಳೆಯದು. ಅದಾಗದಿದ್ದರೆ ಒಂದೇ ಬೀದಿಯ, ಒಂದೇ ವಠಾರದ ಬೇರೆ ಬೇರೆ ಫ್ಯಾಕ್ಟರಿಯವರು ಆಗಬಹುದು. ಟೈಲರ್, ಹೆಲ್ಪರ್, ಚೆಕ್ಕರ್ ಜೊತೆಯಲ್ಲಿ ಕೂರಬಹುದು, ಸೂಪರ್‌ವೈಸರ್ ಕೂಡದು. ಸೂಪರ್‌ವೈಸರ್ ಎಷ್ಟೇ ಒಳ್ಳೆಯವರಾಗಿರಲಿ, ಅವರೆದುರು ಹೆಲ್ಪರ್ ಹುಡುಗಿ ಟಾರ್ಗೆಟ್ (ಗಂಟೆಗೆ ಇಷ್ಟು ಪೀಸ್ ಎಂಬ ಗುರಿ) ಬಗ್ಗೆ ಬಾಯಿ ಬಿಡುವುದಿಲ್ಲ. ಅವರಿಗೂ ಮೇಲಿನಿಂದ ಒತ್ತಡವಿದೆ, ಅವರ ಮಾತನ್ನೂ ಕೇಳಬೇಕು. ಅದಕ್ಕೆ ಬೇರೆ ದಿನ, ಬೇರೆ ಬಳಗ.

ಚರ್ಚ್ ಹಾಲ್ ಬೇಡ. ಹತ್ತು ಜನರಿಗೆ ಅದು ದೊಡ್ಡದು, ಒಳಗೆ ಕೂತವರ ದನಿ ತಾನಾಗಿ ಇಳಿಯುತ್ತದೆ. ಜೊತೆಗೆ ಈ ಕೆಲಸದಲ್ಲಿರುವ ಹೆಂಗಸರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ಚರ್ಚ್ ಗೇಟಿನ ಒಳಗೆ ಹೋದರೆ ಅತ್ತೆಗೋ ಮನೆ ಮಾಲೀಕರಿಗೋ ಉತ್ತರ ಕೊಡಬೇಕಾಗುತ್ತದೆ. ಸದಸ್ಯೆಯೊಬ್ಬರ ಮನೆಯ ಮುಂದಿನ ಕೋಣೆ, ಬೇಸಿಗೆಯಲ್ಲಿ ತಾರಸಿ, ಹತ್ತಿರದ ಅಂಗನವಾಡಿ, ಇವೇ ಸರಿಯಾದ ಜಾಗ. ಚಾಪೆ ಹಾಸಿ ಎಲ್ಲರೂ ನೆಲದ ಮೇಲೆ ಸುತ್ತ ಕೂರಲಿ. ಗುರುಗಳಿಗೆಂದು ಕುರ್ಚಿ ತರಿಸಬೇಡಿ. ತಂದಿಟ್ಟರೂ ಕೂರಬೇಡಿ.

ಭಾನುವಾರ ಒಂದೇ ರಜೆ. ಬೆಳಿಗ್ಗೆ ಬಟ್ಟೆ ಒಗೆಯುವುದು, ನೀರು ಹಿಡಿಯುವುದು, ಸಂತೆ ಇರುತ್ತದೆ. ಸಂಜೆ ಮಾರನೆಯ ದಿನದ ತಯಾರಿ. ಮಧ್ಯಾಹ್ನ 3ರಿಂದ 4.30 ಒಂದೇ ನಡೆಯುವ ಹೊತ್ತು, ಅದೂ ಹದಿನೈದು ದಿನಕ್ಕೊಮ್ಮೆ. ವಾರವಾರವೂ ಇಟ್ಟರೆ ಎರಡನೇ ತಿಂಗಳಿಗೆ ಜನ ಅರ್ಧವಾಗುತ್ತಾರೆ. ಮಕ್ಕಳು ಜೊತೆಯಲ್ಲಿ ಬಂದೇ ಬರುತ್ತವೆ. ಅವನ್ನು ನೋಡಿಕೊಳ್ಳಲು ಬಳಗಕ್ಕೆ ಸೇರದ ಒಬ್ಬರು ಹಿರಿಯರನ್ನು ಮೊದಲೇ ಗೊತ್ತು ಮಾಡಿ. ಇದನ್ನು ಸಣ್ಣ ವಿಷಯವೆಂದು ಬಿಟ್ಟವರ ಸಭೆಗೆ ಎಳೆ ಮಕ್ಕಳ ತಾಯಂದಿರು ಎರಡನೇ ಸಲ ಬರುವುದಿಲ್ಲ.

ಧರ್ಮದ ವಿಷಯವನ್ನು ಮೊದಲ ದಿನವೇ ನೇರವಾಗಿ ಹೇಳಿಬಿಡಬೇಕು. ಬಳಗದಲ್ಲಿ ಬೇರೆ ಬೇರೆ ಧರ್ಮದವರಿದ್ದರೆ ಪ್ರಾರ್ಥನೆ ಇಲ್ಲ, ಶುಭಸಂದೇಶದ ವಾಚನ ಇಲ್ಲ, ಅಕ್ಕಿ ಬೇಳೆ ಕೊಡುವುದಿಲ್ಲ, ಯಾರನ್ನೂ ಚರ್ಚಿಗೆ ಕರೆಯುವುದಿಲ್ಲ. ಎಲ್ಲರೂ ಕ್ರೈಸ್ತರಾಗಿದ್ದರೆ ಮಾತ್ರ ವಾಚನಕ್ಕೆ ಜಾಗ. ಈ ಎರಡನ್ನು ಕಲಸಿದರೆ ಮತಾಂತರದ ಮಾತು ಹುಟ್ಟುತ್ತದೆ. ಅದರ ಪೆಟ್ಟು ಮೊದಲು ಬೀಳುವುದು ಗುರುಗಳ ಮೇಲಲ್ಲ, ಬಳಗಕ್ಕೆ ಬಂದ ಹೆಂಗಸಿನ ಮೇಲೆ.

ಮುಂದಾಳುಗಳ ತಯಾರಿ: ಗುರುಗಳ ನಿಜವಾದ ಕೆಲಸ

ಬಳಗದೊಳಗಿನ ಇಬ್ಬರನ್ನು ಮುಂದಾಳುಗಳಾಗಿ ಬೆಳೆಸಬೇಕು. ಎಲ್ಲರಿಗಿಂತ ಜೋರಾಗಿ ಮಾತಾಡುವವರನ್ನು ಆರಿಸುವುದು ಸುಲಭ, ಆದರೆ ತಪ್ಪು. ಊಟದ ಬಿಡುವಿನಲ್ಲಿ ಯಾರ ಡಬ್ಬಿಯ ಸುತ್ತ ಹೆಚ್ಚು ಜನ ಕೂರುತ್ತಾರೆ, ಹೊಸದಾಗಿ ಸೇರಿದ ಹುಡುಗಿಗೆ ಯಾರು ಮಷಿನ್ ತೋರಿಸಿಕೊಡುತ್ತಾರೆ ಎಂದು ವಿಚಾರಿಸಿ. ಬೇಕಾದವರು ಅಲ್ಲಿ ಸಿಗುತ್ತಾರೆ.

ಪ್ರತಿ ಸಭೆಗೆ ಮೂರು ನಾಲ್ಕು ದಿನ ಮೊದಲು ಗುರುಗಳೋ ಸಿಸ್ಟರೋ ಈ ಇಬ್ಬರ ಜೊತೆ ಒಂದು ಗಂಟೆ ಕೂರಬೇಕು. ಕಳೆದ ಸಲ ಒಪ್ಪಿಕೊಂಡ ಕೆಲಸ ಏನಾಯಿತು, ಈ ಸಲದ ಪ್ರಶ್ನೆ ಯಾವುದು, ಯಾರು ಮೌನವಾಗಿದ್ದಾರೆ, ಬೇಕಾದ ಕಾನೂನು ಯಾವುದು, ಎಲ್ಲ ಇಲ್ಲೇ ಚರ್ಚೆಯಾಗಲಿ. ನಿಮಗೆ ಗೊತ್ತಿರುವುದನ್ನೆಲ್ಲ ಇಲ್ಲಿ ಧಾರಾಳವಾಗಿ ಹೇಳಿ. ಸಭೆಯಲ್ಲಿ ಅದು ಮುಂದಾಳುಗಳ ಬಾಯಿಂದಲೇ ಬರಬೇಕು. ಸಭೆಯೊಳಗೆ ಗುರುಗಳಿಗೆ ಐದೇ ನಿಮಿಷ, ಅದೂ ‘ತೂಗು’ ಹೆಜ್ಜೆಯ ಕೊನೆಯಲ್ಲಿ. ಯಾರಾದರೂ ‘ಫಾದರ್, ನೀವೇ ಹೇಳಿ’ ಎಂದರೆ ಆ ಪ್ರಶ್ನೆಯನ್ನು ಬಳಗದತ್ತ ತಿರುಗಿಸಿ.

ಬೇಕಾದ ಸಾಮಾನು ಹೆಚ್ಚಿಲ್ಲ. ಇನ್ನೂರು ಪುಟದ ಒಂದು ಉದ್ದ ನೋಟ್‌ಬುಕ್, ಒಂದು ಪೆನ್ನು, ಕ್ಯಾಲ್ಕುಲೇಟರ್ ಇರುವ ಫೋನ್. ನೋಟ್‌ಬುಕ್‌ನಲ್ಲಿ ಪೂರ್ತಿ ಹೆಸರು ಬರೆಯಬೇಡಿ, ಯಾವುದಾದರೊಂದು ಗುರುತು ಸಾಕು. ಫ್ಯಾಕ್ಟರಿಯ ಹೆಸರೂ ಬೇಡ. ಸಭೆಯ ಫೋಟೋ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದನ್ನು ಮೊದಲ ದಿನದಿಂದಲೇ ನಿಲ್ಲಿಸಿ. ಫೋಟೋ ಸೂಪರ್‌ವೈಸರ್ ಫೋನಿಗೆ ತಲುಪಲು ಒಂದು ದಿನ ಸಾಕು.

ತೊಂಬತ್ತು ನಿಮಿಷವನ್ನು ಹೀಗೆ ಹಂಚಿ: ಕಳೆದ ಕೆಲಸದ ವರದಿಗೆ 15, ನೋಡಲು 35, ತೂಗಲು 20, ಮಾಡಬೇಕಾದದ್ದನ್ನು ಗೊತ್ತುಮಾಡಲು 15. ಉಳಿದದ್ದು ಟೀಗೆ.

ನೋಡು

ಇಡೀ ವಿಧಾನದ ಬಲವೂ ಇಲ್ಲೇ, ಹೆಚ್ಚು ಜನ ಎಡವುವುದೂ ಇಲ್ಲೇ. ‘ಫ್ಯಾಕ್ಟರಿಯಲ್ಲಿ ಏನೇನು ಸಮಸ್ಯೆ?’ ಎಂದು ಕೇಳಿದರೆ ಹತ್ತು ನಿಮಿಷ ಗೋಳು ಬರುತ್ತದೆ, ಆಮೇಲೆ ‘ನಮ್ಮ ಹಣೆಬರಹ’ ಎಂಬ ಮಾತು ಬರುತ್ತದೆ. ಅಲ್ಲಿಗೆ ಮುಗಿಯಿತು. ಪ್ರಶ್ನೆ ಎಣಿಸಬಹುದಾದ್ದಾಗಿರಬೇಕು, ಒಂದೇ ವಿಷಯದ್ದಾಗಿರಬೇಕು, ಕಳೆದ ಒಂದೆರಡು ವಾರದ್ದಾಗಿರಬೇಕು.

ಮೊದಲ ಸಭೆಗೆ ಒಗ್ಗುವ ಪ್ರಶ್ನೆ ದಿನಚರಿಯದ್ದು. ಪ್ರತಿಯೊಬ್ಬರೂ ಹಿಂದಿನ ಬುಧವಾರ ಎದ್ದ ಹೊತ್ತಿನಿಂದ ಮಲಗಿದ ಹೊತ್ತಿನವರೆಗೆ ಏನೇನು ಮಾಡಿದರೆಂದು ಗಂಟೆ ಪ್ರಕಾರ ಹೇಳಬೇಕು, ಒಬ್ಬರು ಬರೆದುಕೊಳ್ಳಬೇಕು. ಎಂಟು ಜನರ ಬುಧವಾರ ಸಾಲಾಗಿ ಕಣ್ಣೆದುರು ಬಂದಾಗ, ನಿದ್ದೆಗೆ ಎಷ್ಟು ಉಳಿಯಿತು, ಮಗುವಿನ ಜೊತೆ ಎಷ್ಟು ಹೊತ್ತು ಇದ್ದೆ, ವ್ಯಾನಿನಲ್ಲಿ ಎಷ್ಟು ಹೊತ್ತು ಹೋಯಿತು ಎಂಬುದು ಯಾರೂ ವಿವರಿಸದೆ ಕಾಣುತ್ತದೆ. ಯಾರ ಮೇಲೂ ತಪ್ಪು ಹೊರಿಸದ ಈ ಪ್ರಶ್ನೆಗೆ ಹೆದರಿಕೊಂಡವರೂ ಉತ್ತರ ಕೊಡುತ್ತಾರೆ.

ಎರಡನೇ ಸಭೆಯಿಂದ ‘ಮೂವರ ನಿಯಮ’ ತನ್ನಿ. ಪ್ರತಿಯೊಬ್ಬರೂ ತಮ್ಮದಲ್ಲದೆ ಲೈನಿನ (ಒಟ್ಟಿಗೆ ಹೊಲಿಯುವ ಮಷಿನ್ ಸಾಲಿನ) ಇನ್ನೂ ಮೂವರ ವಿಷಯ ತಿಳಿದು ಬರಬೇಕು. ಎಂಟು ಜನರಿಂದ ಮೂವತ್ತೆರಡು ಜನರ ಲೆಕ್ಕ ಸಿಗುತ್ತದೆ. ಬಳಗಕ್ಕೆ ಬಾರದವರ ಜೊತೆ ಮಾತು ಬೆಳೆಯುವುದೂ ಈ ನೆಪದಲ್ಲೇ. ದಿನಕ್ಕೆ ಎಷ್ಟು ಸಲ ನೀರು ಕುಡಿದರು, ಎಷ್ಟು ಸಲ ಶೌಚಾಲಯಕ್ಕೆ ಹೋದರು, ಹೋಗದಿದ್ದರೆ ಯಾಕೆ? ಎಷ್ಟೋ ಹೆಂಗಸರು ಟಾರ್ಗೆಟ್ ತಪ್ಪುತ್ತದೆಂದು ನೀರನ್ನೇ ಕಡಿಮೆ ಕುಡಿಯುತ್ತಾರೆ. ಎಣಿಸಿದಾಗ ಅದು ತನ್ನೊಬ್ಬಳ ಅಭ್ಯಾಸವಲ್ಲ, ಇಡೀ ಲೈನಿನ ಸ್ಥಿತಿ ಎಂದು ಗೊತ್ತಾಗುತ್ತದೆ.

ಮೂರನೇ ಅಥವಾ ನಾಲ್ಕನೇ ಸಭೆಯನ್ನು ಪೂರ್ತಿ ಪೇ ಸ್ಲಿಪ್‌ಗೆ ಮೀಸಲಿಡಿ. ಹೆಸರು ಮತ್ತು ನಂಬರ್ ಮುಚ್ಚಿದ ಮೂರು ನಾಲ್ಕು ಸ್ಲಿಪ್‌ಗಳ ಜೆರಾಕ್ಸ್ ತಂದು ಸಾಲು ಸಾಲಾಗಿ ಓದಿ. ಉದಾಹರಣೆಗೆ, ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 13,000 ರೂಪಾಯಿ ಎಂದಿಟ್ಟುಕೊಳ್ಳಿ. ಪಿಎಫ್‌ಗೆ (ಭವಿಷ್ಯನಿಧಿಗೆ) ಶೇ 12ರಂತೆ 1,560 ರೂಪಾಯಿ ಕಾರ್ಮಿಕರಿಂದ ಕಡಿತ. ಮಾಲೀಕರೂ ಅಷ್ಟೇ ಹಾಕಬೇಕು. ಇಎಸ್‌ಐಗೆ (ಕಾರ್ಮಿಕರ ವಿಮೆಗೆ) ಕಾರ್ಮಿಕರಿಂದ ಶೇ 0.75, ಅಂದರೆ 98 ರೂಪಾಯಿ, ಮಾಲೀಕರಿಂದ ಶೇ 3.25. ಓಟಿ (ಹೆಚ್ಚುವರಿ ದುಡಿಮೆ) ಲೆಕ್ಕ ಹೀಗೆ: 13,000ವನ್ನು 26 ದಿನಕ್ಕೆ ಭಾಗಿಸಿದರೆ 500, ಅದನ್ನು 8 ಗಂಟೆಗೆ ಭಾಗಿಸಿದರೆ 62.50. ಓಟಿಗೆ ಎರಡು ಪಟ್ಟು ಕೊಡಬೇಕಾದ್ದರಿಂದ ಗಂಟೆಗೆ 125 ರೂಪಾಯಿ. ಸಂಜೆ ಹತ್ತು ಹದಿನೈದು ನಿಮಿಷ ಹೆಚ್ಚು ಕೂರಿಸಿಕೊಂಡದ್ದು ಸ್ಲಿಪ್ಪಿನಲ್ಲಿ ಎಲ್ಲೂ ಕಾಣುವುದಿಲ್ಲ. ದಿನಕ್ಕೆ 15 ನಿಮಿಷದಂತೆ 26 ದಿನಕ್ಕೆ ಆರೂವರೆ ಗಂಟೆ, ಅಂದರೆ 812 ರೂಪಾಯಿ 50 ಪೈಸೆ. ಲೆಕ್ಕವನ್ನು ನೀವು ಮಾಡಿಕೊಡಬೇಡಿ. ಫೋನ್ ಅವರ ಕೈಯಲ್ಲಿರಲಿ.

ಇಲ್ಲೊಂದು ಎಡವಟ್ಟು ಮತ್ತೆ ಮತ್ತೆ ಆಗುತ್ತದೆ. ಪಿಎಫ್ ಪಾಸ್‌ಬುಕ್ ತೆಗೆದು ನೋಡಿದಾಗ ತಮ್ಮ ಪಾಲು 1,560 ಇದೆ, ಮಾಲೀಕರ ಪಾಲಿನ ಅಂಕಣದಲ್ಲಿ 477 ಮಾತ್ರ ಇದೆ. ‘ನಮ್ಮ ದುಡ್ಡು ತಿಂದಿದ್ದಾರೆ’ ಎಂದು ಬಳಗ ಕೆರಳುತ್ತದೆ, ಮರುದಿನವೇ ಎಚ್‌ಆರ್ ಎದುರು ನಿಲ್ಲುತ್ತದೆ, ನಗೆಪಾಟಲಾಗಿ ಬರುತ್ತದೆ. ಮಾಲೀಕರ ಶೇ 12ರಲ್ಲಿ ಶೇ 8.33 ಪಿಂಚಣಿ ಖಾತೆಗೆ ಹೋಗುತ್ತದೆ. ಈ ಉದಾಹರಣೆಯಲ್ಲಿ ಅದು 1,083 ರೂಪಾಯಿ, ಪಾಸ್‌ಬುಕ್‌ನಲ್ಲಿ ಪಕ್ಕದ ಅಂಕಣದಲ್ಲಿ ಇರುತ್ತದೆ. ಎರಡನ್ನೂ ಕೂಡಿ ನೋಡಲು ಮುಂದಾಳುಗಳಿಗೆ ಮೊದಲೇ ಕಲಿಸಿರಬೇಕು. ನಿಜವಾದ ಮೋಸ ಹುಡುಕಬೇಕಾದದ್ದು ಬೇರೆ ಕಡೆ. ಯಾವುದಾದರೂ ತಿಂಗಳ ಸಾಲೇ ಇಲ್ಲವೇ? ಒಬ್ಬರಿಗೇ ಎರಡು ಯುಎಎನ್ (ಪಿಎಫ್ ಸದಸ್ಯರ ಗುರುತಿನ) ನಂಬರ್ ಇದೆಯೇ? ಹೆಸರು, ಹುಟ್ಟಿದ ದಿನಾಂಕ ಆಧಾರ್ ಜೊತೆ ಹೊಂದುತ್ತದೆಯೇ? ಕೊನೆಯದು ಮೋಸವಲ್ಲದಿದ್ದರೂ, ಹಣ ತೆಗೆಯಲು ಹೋದಾಗ ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಅಲ್ಲೇ.

ಪಿಎಫ್ ಎಂದರೆ ಈ ಹೆಂಗಸರಿಗೆ ಏನೆಂಬುದನ್ನು 2016ರ ಏಪ್ರಿಲ್‌ನಲ್ಲಿ ಬೆಂಗಳೂರು ಕಂಡಿದೆ. ಮಾಲೀಕರ ಪಾಲನ್ನು 58 ವರ್ಷವಾಗುವವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ನಿಯಮದ ವಿರುದ್ಧ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಯಾವ ಸಂಘದ ಕರೆಗೂ ಕಾಯದೆ ಬೀದಿಗಿಳಿದರು. ಹೊಸೂರು ರಸ್ತೆ ನಿಂತುಹೋಯಿತು. ಏಪ್ರಿಲ್ 19ರಂದು ಸರ್ಕಾರ ಆ ನಿಯಮ ಹಿಂದಕ್ಕೆ ಪಡೆಯಿತು. ಮಗಳ ಮದುವೆ, ಸಾಲ ತೀರಿಸುವುದು, ಮನೆ ಲೀಸ್, ಎಲ್ಲ ಆ ಹಣದ ಮೇಲೆ ನಿಂತಿರುತ್ತದೆ. ಆದ್ದರಿಂದ ಬಳಗದ ಮೊದಲ ಗಟ್ಟಿ ವಿಷಯವಾಗಿ ಪಿಎಫ್ ಹಿಡಿಯಿರಿ ಎನ್ನುತ್ತೇವೆ.

ತೂಗು

ಅಂಕಿ ಕೈಗೆ ಬಂದ ಮೇಲೆ ಬಳಗ ಕೇಳಿಕೊಳ್ಳಬೇಕಾದದ್ದು ಇಷ್ಟು: ಇದು ಯಾಕೆ ಹೀಗಿದೆ? ಯಾರಿಗೆ ಲಾಭ, ಯಾರಿಗೆ ನಷ್ಟ? ಹೇಗಿರಬೇಕಿತ್ತು?

‘ಯಾಕೆ’ ಎಂಬುದನ್ನು ಕನಿಷ್ಠ ಮೂರು ಸಲ ಕೇಳಿ. ಸೂಪರ್‌ವೈಸರ್ ಬೈಯುತ್ತಾರೆ. ಯಾಕೆ? ಗಂಟೆಯ ಪೀಸ್ ಲೆಕ್ಕ ತಪ್ಪಿದರೆ ಅವರಿಗೂ ಬೈಗುಳ. ಯಾಕೆ? ಸಾಗಣೆಯ ದಿನಾಂಕ ಹತ್ತಿರವಿದೆ. ಯಾಕೆ ಅಷ್ಟು ಹತ್ತಿರ? ಕಡಿಮೆ ದರಕ್ಕೆ, ಕಡಿಮೆ ದಿನಕ್ಕೆ ಆರ್ಡರ್ ಒಪ್ಪಿಕೊಂಡಿದ್ದಾರೆ. ಮೊದಲ ಉತ್ತರಕ್ಕೇ ನಿಂತ ಬಳಗ ಒಬ್ಬ ಸೂಪರ್‌ವೈಸರನ್ನು ಬದಲಿಸಲು ಆರು ತಿಂಗಳು ಹೊಡೆದಾಡುತ್ತದೆ, ಹೊಸಬರು ಬಂದು ಹಾಗೆಯೇ ಬೈಯುತ್ತಾರೆ.

‘ಹೇಗಿರಬೇಕಿತ್ತು’ ಎಂಬುದಕ್ಕೆ ಮೊದಲ ಅಳತೆಗೋಲು ಕಾನೂನು. 2025ರ ನವೆಂಬರ್ 21ರಿಂದ, ಹಳೆಯ ಕಾರ್ಮಿಕ ಕಾಯ್ದೆಗಳ ಬದಲಿಗೆ, ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಳೆಯ ಕಾಯ್ದೆಗಳ ಹೆಸರಿರುವ ಕರಪತ್ರಗಳನ್ನು ಜೆರಾಕ್ಸ್ ಮಾಡಿ ಹಂಚಬೇಡಿ. ಕನಿಷ್ಠ ವೇತನ ಮತ್ತು ತುಟ್ಟಿಭತ್ಯೆಯ ಅಂಕಿಯನ್ನು ಪ್ರತಿ ವರ್ಷ ಏಪ್ರಿಲ್‌ನಲ್ಲಿ ಕಾರ್ಮಿಕ ಇಲಾಖೆಯಿಂದ ಹೊಸದಾಗಿ ತರಿಸಿಕೊಳ್ಳಿ. ಫ್ಯಾಕ್ಟರಿ ಯಾವ ವಲಯದಲ್ಲಿದೆ, ಕೆಲಸ ಯಾವ ದರ್ಜೆಯದು ಎಂಬುದರ ಮೇಲೆ ಅಂಕಿ ಬದಲಾಗುತ್ತದೆ.

ಎರಡನೆಯದು ನಂಬಿಕೆಯ ಅಳತೆಗೋಲು. ಕ್ರೈಸ್ತ ಬಳಗದಲ್ಲಿ ವಾಚನ ಹತ್ತು ಸಾಲು ದಾಟದಿರಲಿ, ನೋಡಿದ ವಿಷಯಕ್ಕೆ ನೇರವಾಗಿ ತಾಗಲಿ. ಬೆನ್ನುನೋವಿನ ಬಗ್ಗೆ ವಿಚಾರಿಸಿದ ದಿನ ಲೂಕನ 13ನೇ ಅಧ್ಯಾಯದ, ಹದಿನೆಂಟು ವರ್ಷ ನಡು ಬಗ್ಗಿಹೋಗಿದ್ದ ಹೆಂಗಸಿನ ಪ್ರಸಂಗ ಓದಿ. ಯೇಸು ಆಕೆಯನ್ನು ತಾವೇ ಕರೆದರು, ಎಲ್ಲರೆದುರು ನೆಟ್ಟಗೆ ನಿಲ್ಲಿಸಿದರು. ಮಷಿನ್ ಮುಂದೆ ಬಗ್ಗಿ ಕೂತು ಹತ್ತು ವರ್ಷ ಕಳೆದವರಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ. ಕೂಲಿಯ ಬಗ್ಗೆ ಯಕೋಬನ ಪತ್ರದ 5ನೇ ಅಧ್ಯಾಯದ 4ನೇ ವಾಕ್ಯವಿದೆ, ಮತ್ತಾಯನ 20ನೇ ಅಧ್ಯಾಯದ ದ್ರಾಕ್ಷಿತೋಟದ ಕೂಲಿಯಾಳುಗಳಿದ್ದಾರೆ. ಗುರುಗಳ ಐದು ನಿಮಿಷದಲ್ಲಿ ಪೋಪ್ ಹದಿಮೂರನೆಯ ಲಿಯೋ 1891ರ ಮೇ 15ರಂದು ಹೊರಡಿಸಿದ ‘ರೇರುಮ್ ನೊವಾರುಮ್’ ವಿಶ್ವಪತ್ರವನ್ನು ನೆನಪಿಸಬಹುದು. ಬೇರೆ ದಾರಿಯಿಲ್ಲದೆ, ಇನ್ನೂ ಕೆಟ್ಟದ್ದಕ್ಕೆ ಹೆದರಿ ಕಡಿಮೆ ಕೂಲಿಗೆ ಒಪ್ಪಿದ ಕಾರ್ಮಿಕ ಅನ್ಯಾಯಕ್ಕೆ ಬಲಿಯಾದವನು ಎಂದು ಅದು ಹೇಳುತ್ತದೆ. ‘ಒಪ್ಪಿಯೇ ಸಹಿ ಹಾಕಿದ್ದಾರಲ್ಲ’ ಎಂಬ ವಾದಕ್ಕೆ ಧರ್ಮಸಭೆ ಅಂದೇ ಕೊಟ್ಟ ಉತ್ತರ ಅದು.

ಎಲ್ಲ ಧರ್ಮದವರೂ ಇರುವ ಬಳಗದಲ್ಲಿ ಸಂವಿಧಾನದ 43ನೇ ವಿಧಿ ಓದಿ. ಬದುಕಲು ಸಾಲುವ ಕೂಲಿ, ಘನತೆಯ ಬದುಕು, ಬಿಡುವು, ಮೂರೂ ಅಲ್ಲಿವೆ. ಶರಣರ ಕಾಯಕದ ಮಾತುಗಳೂ ಈ ಹೊತ್ತಿಗೆ ಚೆನ್ನಾಗಿ ಒದಗುತ್ತವೆ. ಬಳಗದಲ್ಲಿ ಯಾರಾದರೊಬ್ಬರಿಗೆ ಒಂದೆರಡು ವಚನ ಬಾಯಲ್ಲೇ ಇರುತ್ತದೆ.

ಮಾಡು

ತೂಗಿದ ಮೇಲೆ ಕೆಲಸ ಗೊತ್ತುಮಾಡದೆ ಎದ್ದರೆ ಅದು ಹರಟೆ. ಕೆಲಸ ಹದಿನೈದು ದಿನದೊಳಗೆ ಮುಗಿಯುವಷ್ಟು ಚಿಕ್ಕದಾಗಿರಬೇಕು. ಯಾರು, ಯಾವ ದಿನ ಎಂದು ನೋಟ್‌ಬುಕ್‌ನಲ್ಲಿ ಬರೆಯಬೇಕು. ‘ಪಿಎಫ್ ಬಗ್ಗೆ ಜಾಗೃತಿ ಮೂಡಿಸುವುದು’ ಎಂಬುದು ಕೆಲಸವಲ್ಲ. ‘ಇಬ್ಬರು ಸೇರಿ ಬುಧವಾರ ಊಟದ ಬಿಡುವಿನಲ್ಲಿ ಆರು ಜನರಿಗೆ ಪಾಸ್‌ಬುಕ್ ತೆಗೆದು ತೋರಿಸುವುದು’ ಎಂಬುದು ಕೆಲಸ.

ಮೊದಲ ಮೂರು ನಾಲ್ಕು ಕೆಲಸಗಳು ಮಾಲೀಕರನ್ನು ಎದುರು ಹಾಕಿಕೊಳ್ಳದಂಥವು ಇರಲಿ. ಆಧಾರ್ ತಿದ್ದುಪಡಿ, ಯುಎಎನ್ ಜೋಡಣೆ, ಇಎಸ್‌ಐ ಕಾರ್ಡಿಗೆ ಮಕ್ಕಳ ಹೆಸರು ಸೇರಿಸುವುದು. ಇಎಸ್‌ಐ ಕಾಯಿಲೆ ರಜೆಯಲ್ಲಿ ಕೂಲಿಯ ಶೇ 70ರಷ್ಟು ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು ಅಷ್ಟೆ. ಇದು ಗೊತ್ತಿಲ್ಲದೆ ಸಂಬಳ ಕಳೆದುಕೊಂಡು ಮನೆಯಲ್ಲಿ ಮಲಗುವವರು ಪ್ರತಿ ಲೈನಿನಲ್ಲೂ ಇದ್ದಾರೆ. ಒಬ್ಬರಿಗೆ ಹಣ ಬಂದರೆ ಬಳಗದ ಮೇಲೆ ಲೈನಿಗೇ ನಂಬಿಕೆ ಬರುತ್ತದೆ.

ಆಮೇಲೆ ಫ್ಯಾಕ್ಟರಿಯೊಳಗಿನ ಬೇಡಿಕೆ. ಒಬ್ಬರೇ ಎಂದೂ ಹೋಗಬಾರದು, ಕನಿಷ್ಠ ಮೂವರು. ಬಾಯಿಮಾತಿನಲ್ಲಿ ಕೇಳಿ ಒಂದು ವಾರ ಕಾದು, ಆಗದಿದ್ದರೆ ಬರಹದಲ್ಲಿ ಕೊಡಿ. ಅರ್ಜಿಯಲ್ಲಿ ಒಂದೇ ಬೇಡಿಕೆ, ಕೆಳಗೆ ಆದಷ್ಟೂ ಹೆಚ್ಚು ಸಹಿ, ಸಹಿಗಳನ್ನು ಸಾಲಾಗಿ ಹಾಕದೆ ವೃತ್ತದಂತೆ ಸುತ್ತ ಹಾಕಿದರೆ ಮೊದಲ ಹೆಸರು ಯಾರದೆಂದು ಗೊತ್ತಾಗುವುದಿಲ್ಲ. ಎರಡನೇ ಪ್ರತಿಯ ಮೇಲೆ ತಲುಪಿದ ಸಹಿ ಮತ್ತು ದಿನಾಂಕ ಪಡೆಯಿರಿ. ಕೊಡದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ. ನೂರು ಮತ್ತು ಅದಕ್ಕಿಂತ ಹೆಚ್ಚು ಕಾರ್ಮಿಕರಿರುವಲ್ಲಿ ವರ್ಕ್ಸ್ ಕಮಿಟಿ (ಮಾಲೀಕರ ಮತ್ತು ಕಾರ್ಮಿಕರ ಪ್ರತಿನಿಧಿಗಳ ಸಮಿತಿ) ರಚಿಸುವಂತೆ ಸರ್ಕಾರ ಆದೇಶಿಸಬಹುದು. ನಿಮ್ಮ ಫ್ಯಾಕ್ಟರಿಯಲ್ಲಿ ಅದು ಇದೆಯೇ, ಅದರಲ್ಲಿ ಯಾರಿದ್ದಾರೆ, ಕಳೆದ ಸಲ ಯಾವಾಗ ಸೇರಿತು ಎಂದು ಕೇಳುವುದೇ ಒಂದು ಒಳ್ಳೆಯ ಕೆಲಸ.

ಮುಂದೆ ಬಂದವರಿಗೆ ತೊಂದರೆ ಬರುತ್ತದೆ, ಅದನ್ನು ಮುಚ್ಚಿಡಬೇಡಿ. ಬೇರೆ ಲೈನಿಗೆ ಹಾಕುತ್ತಾರೆ, ಗೊತ್ತಿಲ್ಲದ ಆಪರೇಷನ್ (ಹೊಲಿಗೆಯ ಹಂತ) ಕೊಟ್ಟು ಟಾರ್ಗೆಟ್ ತಪ್ಪಿಸುತ್ತಾರೆ, ಗೇಟಿನಲ್ಲಿ ನಿಲ್ಲಿಸುತ್ತಾರೆ, ರಾಜೀನಾಮೆ ಬರೆಸಿಕೊಳ್ಳಲು ನೋಡುತ್ತಾರೆ. ಖಾಲಿ ಹಾಳೆಗೂ ರಾಜೀನಾಮೆಗೂ ಸಹಿ ಹಾಕಬಾರದು ಎಂಬುದನ್ನು ಬಳಗದಲ್ಲಿ ಮೊದಲೇ ಮಾತಾಡಿ ಅಭ್ಯಾಸ ಮಾಡಿಸಿ. ಗೇಟಿನಲ್ಲಿ ನಿಲ್ಲಿಸಿದ ದಿನವೇ ದಿನಾಂಕ, ಹೊತ್ತು, ಹೇಳಿದವರ ಹೆಸರು ಬರೆದಿಟ್ಟು ಕಾರ್ಮಿಕ ಅಧಿಕಾರಿಗೆ ಅರ್ಜಿ ಕೊಡಬೇಕು. ಒಂದು ವಾರ ತಡವಾದರೆ ‘ತಾನೇ ಬರಲಿಲ್ಲ’ ಎನ್ನುತ್ತಾರೆ.

ಲೈಂಗಿಕ ಕಿರುಕುಳದ ವಿಷಯ ಬಂದರೆ ಬಳಗದಲ್ಲಿ ಚರ್ಚೆಗೆ ಇಡಬೇಡಿ. ಸಿಸ್ಟರೋ ನಂಬಿಕಸ್ತ ಹಿರಿಯ ಹೆಂಗಸೋ ಬೇರೆಯಾಗಿ ಕೂತು ಕೇಳಬೇಕು. ಫ್ಯಾಕ್ಟರಿಯ ಆಂತರಿಕ ಸಮಿತಿಗೆ ಮೂರು ತಿಂಗಳೊಳಗೆ ಬರಹದಲ್ಲಿ ದೂರು ಕೊಡಬೇಕು. ಮಾಲೀಕರ ಮೇಲೆಯೇ ದೂರಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ. ಕೊಡುವುದೋ ಬೇಡವೋ ಎಂಬ ತೀರ್ಮಾನ ಆಕೆಯದೇ.

ಬಳಗ ಸಂಘವಾಗುವಾಗ

ಮೂರು ನಾಲ್ಕು ಬಳಗ ವರ್ಷವಿಡೀ ನಡೆದರೆ ಕಾರ್ಮಿಕ ಸಂಘದ ಮಾತು ತಾನಾಗಿ ಬರುತ್ತದೆ. ನೋಂದಣಿಗೆ ಏಳು ಜನ ಅರ್ಜಿ ಹಾಕಬೇಕು, ಜೊತೆಗೆ ಆ ಉದ್ಯಮದ ಕಾರ್ಮಿಕರಲ್ಲಿ ಶೇ 10 ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು. ಈಗಾಗಲೇ ಪ್ರಾಮಾಣಿಕವಾಗಿ ಕೆಲಸ ಮಾಡುವ ಗಾರ್ಮೆಂಟ್ಸ್ ಸಂಘವಿದ್ದರೆ ಅದನ್ನೇ ಸೇರುವುದು ಮೇಲು. ಚರ್ಚಿನ ಹೆಸರಿನ ಹೊಸ ಸಂಘ ಕಟ್ಟಿದರೆ ಲೈನ್ ಎರಡಾಗಿ ಒಡೆಯುತ್ತದೆ.

ಗುರುಗಳು ಸಂಘದ ಪದಾಧಿಕಾರಿಯಾಗಬಾರದು. ಧರ್ಮಸಭೆಯ 1983ರ ಕಾನೂನು ಸಂಹಿತೆಯ 287ನೇ ಕಲಮು ರಾಜಕೀಯ ಪಕ್ಷಗಳಲ್ಲೂ ಕಾರ್ಮಿಕ ಸಂಘಗಳ ಆಡಳಿತದಲ್ಲೂ ಗುರುಗಳು ಸಕ್ರಿಯವಾಗಿ ತೊಡಗುವುದನ್ನು ತಡೆಯುತ್ತದೆ. ಧರ್ಮಸಭೆಯ ಹಕ್ಕುಗಳ ರಕ್ಷಣೆಗೋ ಎಲ್ಲರ ಒಳಿತಿಗೋ ಅದು ಬೇಕೆಂದು ಮೇಲಧಿಕಾರಿಗಳಿಗೆ ಕಂಡರೆ ಮಾತ್ರ ವಿನಾಯಿತಿ. ಬೆಲ್ಜಿಯಂನಲ್ಲಿ ಕಾರ್ಡೈನ್‌ಗಿಂತ ಮುಂಚೆ ಅಡಾಲ್ಫ್ ಡಾನ್ಸ್ ಎಂಬ ಗುರುಗಳು ಆಲ್ಸ್ಟ್ ಊರಿನ ನೇಯ್ಗೆ ಕಾರ್ಮಿಕರ ಪರವಾಗಿ ನಿಂತು 1894ರಲ್ಲಿ ಸಂಸತ್ತಿಗೇ ಆರಿಸಿಬಂದರು. ಅವರ ಧೈರ್ಯ ದೊಡ್ಡದು. ಆದರೆ ಧರ್ಮಾಧ್ಯಕ್ಷರೊಂದಿಗಿನ ಜಗಳದಲ್ಲಿ ಪೂಜೆ ಅರ್ಪಿಸುವ ಹಕ್ಕನ್ನೇ ಕಳೆದುಕೊಂಡರು, ಹೋರಾಟದ ಕಣ್ಣೆಲ್ಲ ಅವರೊಬ್ಬರ ಮೇಲೆ ನೆಟ್ಟಿತು. ಗುರುಗಳಿಗೆ ವರ್ಗವಾದರೆ ಸಂಘವೂ ಮುಳುಗುವ ಸ್ಥಿತಿ ನಮ್ಮಲ್ಲಿ ಬರಬಾರದು.

ವರ್ಗಾವಣೆ ಹೇಗೂ ಬರುತ್ತದೆ. ಅದಕ್ಕೆ ಆರು ತಿಂಗಳು ಮೊದಲಿನಿಂದಲೇ ಒಂದು ಸಭೆ ಬಿಟ್ಟು ಒಂದು ಸಭೆಗೆ ಮಾತ್ರ ಹೋಗಿ. ನೀವಿಲ್ಲದ ದಿನ ಸಭೆ ನಡೆಯದಿದ್ದರೆ ಮುಂದಾಳುಗಳ ತಯಾರಿ ಸಾಲದು ಎಂದು ಆಗಲೇ ಗೊತ್ತಾಗುತ್ತದೆ, ಸರಿಪಡಿಸಲು ಸಮಯವೂ ಇರುತ್ತದೆ. ನೋಟ್‌ಬುಕ್ ಬಳಗದ ಬಳಿಯೇ ಉಳಿಯಬೇಕು, ಧರ್ಮಕೇಂದ್ರದ ಕಚೇರಿಯ ಬೀರುವಿನಲ್ಲಲ್ಲ.

ಇನ್ನೊಂದು ಮಾತು ಉಳಿದಿದೆ. ಲೆಕ್ಕ ಕೇಳಲು ಕಲಿತವರು ಒಂದು ದಿನ ಚರ್ಚಿನ ಕಡೆಗೂ ತಿರುಗುತ್ತಾರೆ, ತಿರುಗಬೇಕು. ಗುರುಗಳ ಮನೆಯ ಅಡುಗೆಯವರಿಗೆ ಎಷ್ಟು ಸಂಬಳ? ಶಾಲೆಯ ಆಯಾಗಳಿಗೆ ವಾರದ ರಜೆ ಇದೆಯೇ? ಬೇಸಿಗೆ ರಜೆಯ ಎರಡು ತಿಂಗಳ ಸಂಬಳ ಸಿಗುತ್ತದೆಯೇ? ಸ್ಮಶಾನದ ಕೆಲಸದವರಿಗೆ ಕನಿಷ್ಠ ವೇತನ ಇದೆಯೇ? ಇಪ್ಪತ್ತು ಜನ ದುಡಿಯುವ ಶಾಲೆ, ಆಸ್ಪತ್ರೆಗಳಿಗೂ ಪಿಎಫ್ ಅನ್ವಯಿಸುತ್ತದೆ. ಬಳಗದ ಮೊದಲ ಸಭೆ ಕರೆಯುವ ಮುನ್ನವೇ ಧರ್ಮಕೇಂದ್ರದ ಸಂಬಳದ ಪುಸ್ತಕ ತೆಗೆದು ಮೇಲಿನ 13,000ದ ಲೆಕ್ಕವನ್ನು ಅದಕ್ಕೆ ಹಚ್ಚಿ ನೋಡಿ. ಕೊರತೆ ಕಂಡರೆ ಹಣಕಾಸು ಸಮಿತಿಯ ಮುಂದಿಟ್ಟು, ಬಾಕಿ ಸಮೇತ ಕೊಡುವ ತೀರ್ಮಾನವನ್ನು ದಿನಾಂಕ ಹಾಕಿ ಬರೆಸಿಕೊಳ್ಳಿ.